ಎರಡು ಸೀಟಿ ಊದಿದ ವಾಲಿ

ಇದನ್ನು ಹೇಳಿಬಿಡಬೇಕು ಎಂದು ಕುಳಿತಾಗಲೆಲ್ಲ ನನಗೆ ಬೇರೆ ಏನಾದರೂ ಕೆಲಸ ನೆನಪಾಗಿದೆ. ಒಮ್ಮೆ ಕೊಡೆ ರಿಪೇರಿ, ಒಮ್ಮೆ ಕನ್ನಡಕದ ಕಾಲು, ಒಮ್ಮೆ ಏನೂ ಸಿಗದೆ ಸುಮ್ಮನೆ ನಿದ್ದೆ. ಹೀಗೆ ಮುಂದೆ ಹಾಕುತ್ತ ಒಂಬತ್ತು ವರ್ಷ ಕಳೆಯಿತು. ಕಂಡಕ್ಟರಾಗಿದ್ದಷ್ಟು ಕಾಲವೂ ತುಂಬಿದ ಬಸ್ಸಿನಲ್ಲಿ ನಿಂತು, "ಮುಂದೆ ಹೋಗಿ, ಮುಂದೆ ಜಾಗ ಇದೆ" ಎಂದು ಸುಳ್ಳು ಹೇಳಿದವನು ನಾನು. ಎಪ್ಪತ್ತರ ಹತ್ತಿರ ಬಂದ ಮೇಲೆ ಆ ಸುಳ್ಳನ್ನು ನನಗೇ ಹೇಳಿಕೊಳ್ಳುವುದು ಕಷ್ಟವಾಗಿದೆ.

ಮೊನ್ನೆ ಮತ್ತೆ ಫೋನಿಗೆ ಆ ವಿಡಿಯೋ ಬಂತು. ಮೂರು ನಿಮಿಷದ್ದು. ಯಾರೋ ಯಾರಿಗೋ ಕಳಿಸಿ, ಅವರು ಮತ್ತೊಬ್ಬರಿಗೆ ಕಳಿಸಿ, ವರ್ಷಕ್ಕೆ ಎರಡು ಮೂರು ಸಲ ಅದು ನನ್ನ ಮನೆಗೇ ತಿರುಗಿ ಬರುತ್ತದೆ. "ವಾಲಿ ಅಂದ್ರೆ ಇದು!" ಎಂದು ಕೆಳಗೆ ಬರೆದಿರುತ್ತಾರೆ. ವಾಲಿ ನಾನೇ. ನನ್ನ ಎದುರಿಗೆ ಬಾಯಿ ಮುಚ್ಚಿ ಕುಳಿತ ರಾಮ ನಮ್ಮ ಬಸ್ಸಿನ ಡ್ರೈವರ್. ನೋಡಿದವರೆಲ್ಲ ನಾನು ಗೆದ್ದೆ ಎಂದುಕೊಳ್ಳುತ್ತಾರೆ. ಅಲ್ಲಿ ಏನಾಯಿತು ಎಂದು ಹೇಳಿ, ಯಾರಲ್ಲಿ ಕ್ಷಮೆ ಕೇಳಬೇಕೋ ಅವರಲ್ಲಿ ಕೇಳಿ ಮುಗಿಸುವುದು ನನ್ನ ಮೇಲೆ ಉಳಿದ ಕೆಲಸ.

ತಾಳಮದ್ದಳೆ ನೋಡದವರಿಗೆ ಎರಡು ಮಾತು. ಇದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ. ನಾವು ಶಾಲು ಹೊದ್ದು ಎದುರುಬದುರು ಕುಳಿತು, ಪುರಾಣದ ಒಬ್ಬೊಬ್ಬನಾಗಿ ಮಾತಾಡುತ್ತೇವೆ. ಇದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಬರೆದಿಟ್ಟ ಮಾತು ಇರುವುದಿಲ್ಲ. ಕಥೆ ಎಲ್ಲಿಗೆ ಮುಟ್ಟಬೇಕೆಂದು ಬಸ್ಸಿನ ಬೋರ್ಡಿನ ಹಾಗೆ ಮೊದಲೇ ಬರೆದಿದೆ. ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಬೇಕು, ಯಾರನ್ನು ಹತ್ತಿಸಿಕೊಳ್ಳಬೇಕು ಎನ್ನುವುದು ನಮಗೆ ಬಿಟ್ಟದ್ದು. ಒಂದೇ ಕಟ್ಟುಪಾಡು: ಪಾತ್ರ ಪಾತ್ರದ ಜೊತೆ ಮಾತಾಡಬೇಕು. ಎದುರು ಕುಳಿತ ಮನುಷ್ಯನ ಮನೆ, ಸಂಸಾರ, ನೌಕರಿ ಒಳಗೆ ಬರಬಾರದು. ರಾಮನಿಗೆ ಎಷ್ಟು ಬೇಕಾದರೂ ಬೈಯಬಹುದು. ಡ್ರೈವರಿಗೆ ಬೈಯುವಂತಿಲ್ಲ.

ನಾನು ಎಸ್ಸೆಸ್ಸೆಲ್ಸಿ. ಅದರಲ್ಲೂ ಗಣಿತ ಎರಡನೇ ಸಲಕ್ಕೆ ಕೈಹಿಡಿದದ್ದು. ಹೊರಗೆ ನನ್ನ ಮಾತಿಗೆ ಚಿಲ್ಲರೆ ಕೇಳುವಷ್ಟೇ ಬೆಲೆ. ಆದರೆ ಶಾಲು ಹೊದ್ದು ವಾಲಿಯಾಗಿ ಕುಳಿತರೆ ಸಾಕ್ಷಾತ್ ದೇವರನ್ನೇ ಒಂದೂವರೆ ತಾಸು ಹಿಡಿದು ನಿಲ್ಲಿಸಿ, "ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ?" ಎಂದು ಕೇಳಬಹುದು. ಜಗತ್ತಿನಲ್ಲಿ ಇನ್ನೆಲ್ಲಿ ಕಂಡಕ್ಟರಿಗೆ ಇಂಥ ಅಧಿಕಾರ ಇದೆ? ಹಳೆಯ ಕವಿಗಳ ಜಾಣತನ ನೋಡಿ. ವೀರರನ್ನು ಕಟ್ಟುವಾಗ ತಪ್ಪೇ ಇಲ್ಲದವರನ್ನಾಗಿ ಕಟ್ಟಲು ಅವರಿಗೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ಆದರೂ ಪ್ರತಿಯೊಬ್ಬನಲ್ಲೂ ಸುಲಭಕ್ಕೆ ಉತ್ತರ ಸಿಗದ ಒಂದು ಜಾಗ ಬಿಟ್ಟರು. ಒಬ್ಬ ಜೂಜಾಡಿದ, ಒಬ್ಬ ಅರ್ಧ ಸತ್ಯ ಹೇಳಿದ, ಒಬ್ಬ ಮರೆಯಲ್ಲಿ ನಿಂತ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಸಾವಿರ ವರ್ಷ ಆಮೇಲೆ ಬರುವ ನಮಗಾಗಿ ಹಿಡಿದಿಟ್ಟ ಜಾಗ ಅದು. ನಾವು ಬಂದು ಕುಳಿತು, "ಇದು ಸರಿಯೇ?" ಎಂದು ಕೇಳಲಿ ಎಂದು. ತಪ್ಪೇ ಮಾಡದ ನಾಯಕನಿದ್ದಿದ್ದರೆ ಕೈಮುಗಿದು ಮನೆಗೆ ಹೋಗುತ್ತಿದ್ದೆವು, ಮಾತು ಎಲ್ಲಿರುತ್ತಿತ್ತು?

ಇಷ್ಟೆಲ್ಲ ತಿಳಿದವನು ಎಂದು ಜಂಬ ಇತ್ತಲ್ಲ, ಅದೇ ಮುಂದಿನದಕ್ಕೆಲ್ಲ ಮೂಲ.

ಸಿದ್ದಾಪುರದಿಂದ ಹೊರಟು ಕೋಲಸಿರ್ಸಿ, ಕಾನಸೂರು, ಶಿರಸಿ ದಾಟಿ ಯಲ್ಲಾಪುರಕ್ಕೆ ಹೋಗುವ ಬಸ್ಸು ನಮ್ಮದು. ಡ್ರೈವರ್ ಬನವಾಸಿ ಕಡೆಯವರು. ನಿಧಾನದ ಮನುಷ್ಯ. ಗೇರ್ ಹಾಕುವಾಗಲೂ ಅದಕ್ಕೊಂದು ಮಾತು ಕೇಳಿ ಹಾಕಿದ ಹಾಗೆ. ನನ್ನನ್ನು "ಕಂಡಕ್ಟರ್ ಸಾಹೇಬ್ರ" ಎಂದೇ ಕರೆಯುತ್ತಿದ್ದರು. ಮೊದಮೊದಲು ತಮಾಷೆಗೆ, ಆಮೇಲೆ ರೂಢಿಯಾಗಿ. ನನ್ನ ಜೊತೆ ತಾಳಮದ್ದಳೆ ಕೇಳಲು ಬಂದು ಬಂದು ಒಂದು ದಿನ, "ನಾನೂ ಒಂದ್ ಕೈ ನೋಡ್ಲೇನ್ರಿ?" ಎಂದರು.

"ನಿಮ್ಮ ಬಾಯಲ್ಲಿ ರಾಮ 'ಬರ್ರಿ, ಕುಂದರ್ರಿ' ಅಂದ್ರೆ ಎಂತ ಮಾಡೂದು ಮಾರಾಯ್ರೆ?" ಎಂದು ನಾನು ನಕ್ಕಿದ್ದೆ.

"ಮನಿಗೆ ಬಂದೋರಿಗೆ ಬರ್ರಿ ಅನ್ನದ ರಾಮ ನಮಗ ಬ್ಯಾಡ್ರಿ" ಎಂದರು ಅವರು.

ಕುಳಿತರು. ನನ್ನ ಎಣಿಕೆ ತಪ್ಪಿತು. ನಾನು ಶ್ಲೋಕ, ಸಮಾಸ, ಗರ್ಜನೆ ಎಲ್ಲ ಸುರಿದು, ಮರೆಯಲ್ಲೇಕೆ ನಿಂತೆ ಎಂದು ಕೇಳಿದರೆ ಅವರು ಇಷ್ಟೇ ಹೇಳಿದರು: "ನಾನು ಮರೆಯಲ್ಲಿರಲಿಲ್ಲ ವಾಲೀ. ನೀನು ನಿನ್ನ ತಮ್ಮನನ್ನು ಬಿಟ್ಟು ಬೇರೆ ಯಾರನ್ನೂ ನೋಡುತ್ತಿರಲಿಲ್ಲ. ಸಿಟ್ಟು ಬಂದವನಿಗೆ ಮರ ಕಾಣುವುದಿಲ್ಲ, ಮರದ ಪಕ್ಕದವನು ಎಲ್ಲಿ ಕಂಡಾನು?" ಸಭೆ "ಹಾ" ಎಂದಿತು. ನನಗೆ ಯಾರೂ ಹಾಗೆ "ಹಾ" ಎಂದಿರಲಿಲ್ಲ. ಚಪ್ಪಾಳೆ ಹೊಡೆದಿದ್ದರು, ಅಷ್ಟೆ.

ದಿನಾ ಸಿದ್ದಾಪುರದಿಂದ ಶಿರಸಿಗೆ ನಮ್ಮ ಬಸ್ಸಿಗೇ ಬರುತ್ತಿದ್ದ ಒಬ್ಬ ನಿವೃತ್ತ ಮಾಸ್ತರರಿದ್ದರು. ನನ್ನ ಹಿಂದಿನ ಸೀಟು ಅವರದ್ದು. ಮರುದಿನ ಟಿಕೆಟ್ ಕೈಯಲ್ಲಿ ಹಿಡಿದು ಅವರು ಹೇಳಿದ್ದು ಇದು:

"ನಿನ್ನ ವಾಲಿ ಜೋರಿದ್ದ ಮಾರಾಯ, ಇಲ್ಲೆ ಹೇಳ್ತ್ನಿಲ್ಲೆ. ಆದ್ರೆ ಮನೆಗೆ ಹೋಗಿ ಮಲಗಿದ ಮೇಲೂ ಕಿವಿಯಲ್ಲಿ ಉಳಿದದ್ದು ಆ ರಾಮನ ಮಾತೇಯ."

ಆ ಟಿಕೆಟನ್ನು ವಾಪಸ್ ಕಿತ್ತುಕೊಳ್ಳಬೇಕು ಎನ್ನಿಸಿತ್ತು ನನಗೆ.

ಇನ್ನು ಕಾನಸೂರಿನ ದಿನ. ಕೋಲಸಿರ್ಸಿಯಲ್ಲಿ ಒಬ್ಬರು ವಯಸ್ಸಾದ ಅಮ್ಮ ಹತ್ತಿದರು, ಯಲ್ಲಾಪುರಕ್ಕೆ. ಮೊಮ್ಮಗಳ ಮಗುವಿಗೆ ಆ ದಿನ ಹೆಸರಿಡುವುದಿತ್ತು. ಕೈಯಲ್ಲಿ ತೊಡದೇವಿನ ಡಬ್ಬಿ. ಕಬ್ಬಿನ ಹಾಲಿನಲ್ಲಿ ಅಕ್ಕಿಹಿಟ್ಟು ಕಲಸಿ, ಮಗುಚಿದ ಮಡಕೆಯ ಬೆನ್ನಿನ ಮೇಲೆ ಕಾಗದದ ಹಾಗೆ ತೆಳ್ಳಗೆ ಎಳೆದು ಮಾಡುವ ಸಿಹಿ. ಪುಡಿಯಾಗಬಾರದೆಂದು ಮಗುವನ್ನು ಹಿಡಿದ ಹಾಗೆ ತೊಡೆಯ ಮೇಲೆ ಹಿಡಿದಿದ್ದರು. ಇಷ್ಟೂ ನನಗೆ ಆಮೇಲೆ ತಿಳಿದದ್ದು. ಆಗ ನಾನು ಅವರ ಮುಖವನ್ನೂ ನೋಡಲಿಲ್ಲ. ಇನ್ನು ಹದಿನೈದು ದಿನಕ್ಕೆ ಸಿದ್ದಾಪುರದಲ್ಲಿ ಮತ್ತೆ ವಾಲಿ, ಮತ್ತೆ ಅದೇ ರಾಮ. ಈ ಸಲ ಏನು ಕೇಳಿದರೆ ಆತ ನಿರುತ್ತರನಾಗುತ್ತಾನೆ ಎಂದು ನಾನೂ ಮಾಸ್ತರರೂ ಬಸ್ಸಿನಲ್ಲೇ ವಾದಕ್ಕೆ ಇಳಿದಿದ್ದೆವು. ಅವರು ರಾಮನ ಪಕ್ಷ, ನಾನು ವಾಲಿ.

ಕಾನಸೂರಿನಲ್ಲಿ ಬಸ್ಸು ನಿಂತಾಗ ಆ ಅಮ್ಮ ನನ್ನ ತೋಳು ಮುಟ್ಟಿ, "ತಮಾ, ಒಂದ್ ಗಳಿಗೆ ನಿಲ್ಸು. ಈಗ ಹೋಗಿಕ್ಕಿ ಬತ್ತೆ" ಎಂದರು.

"ಹೂಂ, ಬೇಗ ಬನ್ನಿ" ಎಂದು ನಾನು ಮಾಸ್ತರರ ಕಡೆಗೆ ತಿರುಗಿದೆ. "ಅಲ್ಲ ಮಾಸ್ತರ್ರೆ, ಬೇಟೆ ಅಂತಾದ್ರೆ ಬೇಟೆಯಾಡಿದವ ತಿನ್ನಬೇಕು. ಮಂಗನ ಮಾಂಸ ಯಾವ ರಾಜ ತಿಂತ?"

"ಎಂತದಾ ನಿಂದು! ಈ ಸಲನಾದ್ರೂ ನಿನ್ನ ವಾಲಿ ಸಾಯ್ತ್ನಾ ಇಲ್ಯಾ?"

ಮುಂದಿನಿಂದ ಡ್ರೈವರ್ ಕೂಗಿದರು: "ಸಾಹೇಬ್ರ, ಅಮ್ಮ ಹತ್ತಿದ್ರೇನ್ರಿ?"

ಒಂದು ಸೀಟಿ ಎಂದರೆ ನಿಲ್ಲು, ಎರಡು ಎಂದರೆ ಹೊರಡು. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಶಾಸ್ತ್ರವಿಲ್ಲ. ಕಂಡಕ್ಟರ್ ಎರಡು ಊದಿದ ಮೇಲೆ ಡ್ರೈವರ್ ಹಿಂದೆ ನೋಡುವ ಪದ್ಧತಿಯೂ ಇಲ್ಲ. ನಾನು ಮಾಸ್ತರರ ಮೇಲಿನ ಕಣ್ಣು ತೆಗೆಯದೆ ಎರಡು ಊದಿದೆ.

ಶಿರಸಿ ಇನ್ನೇನು ಬಂತು ಎನ್ನುವಾಗ ಯಾರೋ, "ಇಲ್ಲಿ ಡಬ್ಬಿ ಇದ್ದು, ಅಮ್ಮ ಇಲ್ಯಲಾ!" ಎಂದರು. ಡ್ರೈವರ್ ಬಸ್ಸು ಬದಿಗೆ ಹಾಕಿ, "ತಿರುಗಿಸ್ಲೇನ್ರಿ?" ಎಂದು ಕೇಳಿದರು. ತಿರುಗಿಸಿದರೆ ಹೊತ್ತಾಗುತ್ತಿತ್ತು, ಜನ ಬೈಯುತ್ತಿದ್ದರು. "ಬೇಡ, ಹಿಂದಿನ ಬಸ್ಸಿಗೆ ಬರ್ತ್ರು ಬಿಡಿ" ಎಂದೆ. ಹಿಂದಿನ ಬಸ್ಸು ಆ ದಿನ ಕೆಟ್ಟು ನಿಂತಿತ್ತು. ಅವರು ಕಾನಸೂರಿನಲ್ಲಿ ರಸ್ತೆಯ ಬದಿಗೆ ಎರಡು ತಾಸು ಕಾದು, ಊರಿಗೇ ಮರಳಿದರು. ಮಗುವಿಗೆ ಹೆಸರಿಟ್ಟು ಆಯಿತು. ಡಬ್ಬಿ ಯಲ್ಲಾಪುರದ ಬಸ್ ಸ್ಟ್ಯಾಂಡಿಗೆ ಸುಖವಾಗಿ ಮುಟ್ಟಿತು. ತಪ್ಪೊಪ್ಪಿಗೆ ಎಂದು ಕುಳಿತ ಮೇಲೆ ಇದನ್ನೂ ಬರೆದುಬಿಡುತ್ತೇನೆ: ಅಲ್ಲಿ ಚಹಾ ಕುಡಿಯುವಾಗ ಅದರಿಂದ ಎರಡು ತೆಗೆದು ತಿಂದೆ. ಬಹಳ ಚೆನ್ನಾಗಿತ್ತು.

ಅಮ್ಮನ ಮನೆಯವರು ಡಿಪೋಕ್ಕೆ ದೂರು ಬರೆದರು. ನನಗೆ ಆಗಲೇ ಎರಡು ಮೆಮೊ ಆಗಿದ್ದವು, ಎರಡೂ ಬಾಯಿಯ ಕಾರಣಕ್ಕೆ. ಮೂರನೆಯದು ಬಂದರೆ ಸಸ್ಪೆಂಡ್. ನಿವೃತ್ತಿಗೆ ವರ್ಷವಷ್ಟೇ ಉಳಿದಿತ್ತು. ಹೇಳಿಕೆ ಬರೆಯುವ ದಿನ ಡ್ರೈವರ್ ನನ್ನನ್ನು ಕೇಳಲೂ ಇಲ್ಲ. "ಸೀಟಿಗೆ ಕಾಯದೆ, ಕನ್ನಡಿ ನೋಡದೆ ಗಾಡಿ ಎಳೆದದ್ದು ನನ್ನ ತಪ್ಪು" ಎಂದು ಬರೆದುಕೊಟ್ಟರು. ಎರಡು ತಿಂಗಳು ಅವರನ್ನು ಘಟ್ಟ ಇಳಿಯುವ ರೂಟಿಗೆ ಹಾಕಿದರು.

"ಯಾಕೆ ಹಾಗೆ ಮಾಡಿದ್ರಿ ಮಾರಾಯ್ರೆ?" ಎಂದರೆ, "ನಿಮಗ ವಾಲಿ ಐತಿ, ತಲೀ ಕೆಡಿಸ್ಕೋಬ್ಯಾಡ್ರಿ. ಘಟ್ಟದ ಗಾಳಿ ಚಲೋ ಇರ್ತೇತಿ" ಎಂದು ನಕ್ಕರು.

ಇಷ್ಟಾದ ಮೇಲೂ ಸಿದ್ದಾಪುರದಲ್ಲಿ ನಾನು ಮಾಡಿದ್ದು ನೋಡಿ.

ಮಧ್ಯಾಹ್ನ ಮೂರಕ್ಕೆ ಶುರು. ಸಭೆ ತುಂಬಿತ್ತು, ಅರ್ಧ ಜನ ನಮ್ಮ ಬಸ್ಸಿನವರೇ. ಕಾನಸೂರಿನ ಸುದ್ದಿ, ಡ್ರೈವರಿಗೆ ಶಿಕ್ಷೆಯಾದದ್ದು ಎಲ್ಲರಿಗೂ ಗೊತ್ತು. ನಾನು ಎರಡು ಸೀಟಿ ಊದಿದ ಮೇಲೆಯೇ ಬಸ್ಸು ಹೊರಟದ್ದು ಎಂದು ಮಾತ್ರ ನಮ್ಮಿಬ್ಬರಿಗೇ ಗೊತ್ತು. ಹತ್ತಿರವೇ ಇದ್ದ ಮಾಸ್ತರರಿಗೂ ಗೊತ್ತಿತ್ತೇನೋ, ಅವರು ಯಾವತ್ತೂ ಬಾಯಿ ಬಿಡಲಿಲ್ಲ. ಒಂದು ತಾಸು ನಾನು ಕೇಳಿದ್ದಕ್ಕೆಲ್ಲ ರಾಮ ತನ್ನ ನಿಧಾನದಲ್ಲಿ ಉತ್ತರ ಕೊಟ್ಟ. ಎರಡು ಸಲ "ಹಾ" ಬಂತು, ಎರಡೂ ಅವನ ಕಡೆಗೆ. ಆಗ ಬಾಯಿಗೆ ಬಂದದ್ದು ಒಂದೇ ಶಬ್ದ. ದಟ್ಟ ಕಾಡಿಗೆ ನಮ್ಮಲ್ಲಿ ಕಾನು ಎನ್ನುತ್ತಾರೆ. ರಾಮನೂ ಮಡದಿಯನ್ನು ಕಾಡಿನಲ್ಲಿ ಬಿಟ್ಟು ಜಿಂಕೆಯ ಹಿಂದೆ ಹೋದವನೇ ತಾನೇ?

"ಧರ್ಮದ ಮಾತಾಡುತ್ತೀಯಾ ರಾಮಾ?" ಎಂದೆ. "ನಿನ್ನನ್ನೇ ನಂಬಿ ಬಂದ ಹೆಂಗಸನ್ನು ಕಾನ... ಸು..." ಎಂದು ಎಳೆದು, ಸಭೆಯತ್ತ ಒಮ್ಮೆ ನೋಡಿ, "ಕಾನಿನಲ್ಲಿ ಒಂಟಿಯಾಗಿ ಬಿಟ್ಟು, ಹಿಂದೆ ತಿರುಗಿ ನೋಡದೆ ಹೊರಟುಹೋದವನಲ್ಲವೇ ನೀನು?"

ಸಭೆ ಬಿದ್ದು ಬಿದ್ದು ನಕ್ಕಿತು. ಸೀಟಿ ಹಾಕಿದರು, ಶಾಲು ಬೀಸಿದರು. ಮದ್ದಳೆಯವನು ತಲೆ ತಗ್ಗಿಸಿ ನಗುತ್ತಿದ್ದ. ಕಟ್ಟುಪಾಡು ಮುರಿದದ್ದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೆ ಮಾತು ಪುರಾಣಕ್ಕೂ ಸರಿಯಾಗಿ ಕೂರುತ್ತಿತ್ತಲ್ಲ, ಹಿಡಿಯುವುದು ಹೇಗೆ? ಮರೆಯಲ್ಲಿ ನಿಂತವನನ್ನು ಬೈಯುತ್ತಲೇ ನಾನು ವಾಲಿಯ ಮರೆಯಲ್ಲಿ ನಿಂತಿದ್ದೆ.

"ನಾನು ಸೀಟಿಗೆ ಕಾದವನು" ಎಂದು ಡ್ರೈವರ್ ಒಂದು ಮಾತು ಹೇಳಿದ್ದರೆ ಸಾಕಿತ್ತು, ನನ್ನ ನೌಕರಿಯೂ ಮಾನವೂ ಅಲ್ಲೇ ಮುಗಿಯುತ್ತಿತ್ತು. ಹೇಳಲಿಲ್ಲ. ಕೈಮುಗಿದರು. ಯಾರ ಕಡೆಗೆ ಎಂದು ನಾನು ನೋಡಲಿಲ್ಲ. "ತಪ್ಪಾಯಿತು" ಎಂದರು. ಅಷ್ಟೇ. ಆ ಮೇಲೆ ಬಾಯಿ ತೆರೆಯಲಿಲ್ಲ. ವಾಲಿಯ ಪ್ರಸಂಗದಲ್ಲಿ ರಾಮನೇ ತಪ್ಪಾಯಿತು ಎಂದರೆ ಕಥೆ ಮುಂದೆ ಹೋಗುವುದು ಹೇಗೆ? ಭಾಗವತರು ಗಾಬರಿಯಾಗಿ ನಾಲ್ಕು ಪದ ಹಾರಿಸಿ, ನನ್ನನ್ನು ಅವಸರದಲ್ಲಿ ಸಾಯಿಸಿದರು. ಅಷ್ಟು ಸಂತೋಷದಿಂದ ಸತ್ತ ವಾಲಿ ಬೇರೊಬ್ಬನಿರಲಿಕ್ಕಿಲ್ಲ.

ಡ್ರೈವರ್ ಮತ್ತೆ ಎಲ್ಲೂ ಅರ್ಥ ಹೇಳಲು ಕೂರಲಿಲ್ಲ. ಘಟ್ಟದ ರೂಟು ಮುಗಿದರೂ ನಮ್ಮ ಬಸ್ಸಿಗೆ ಮರಳಿ ಕೇಳಲಿಲ್ಲ. ನಾನು ನಿವೃತ್ತನಾದೆ, ಮರುವರ್ಷ ಅವರೂ. ಎಲ್ಲಾದರೂ ಕಂಡರೆ "ಏನ್ರಿ ಸಾಹೇಬ್ರ" ಎಂದು ಮೊದಲಿನ ಹಾಗೇ ನಗುತ್ತಿದ್ದರು. ನಾನು ಮಳೆಯ ಸುದ್ದಿ ಮಾತಾಡಿ ತಪ್ಪಿಸಿಕೊಳ್ಳುತ್ತಿದ್ದೆ.

ಈ ವರ್ಷ ಮಳೆಗಾಲ ಮುಗಿಯುತ್ತಿದ್ದ ಹಾಗೆ ಒಂದು ಬೆಳಿಗ್ಗೆ ಬನವಾಸಿ ಬಸ್ಸು ಹತ್ತಿದೆ. ಅವರು ಅಂಗಳದಲ್ಲಿ ಕುಳಿತು ನೀರಿನ ಮೋಟಾರು ಬಿಚ್ಚಿಕೊಂಡಿದ್ದರು.

"ಬರ್ರಿ, ಬರ್ರಿ! ದಾರಿ ತಪ್ಪಿ ಬಂದ್ರೇನು?"

"ದಾರಿ ತಪ್ಪಲಿಲ್ಲ ಮಾರಾಯ್ರೆ. ತಪ್ಪೇ ದಾರಿ ತೋರಿಸ್ತು."

"ಅಬಾಬಾ! ಇನ್ನೂ ಅರ್ಥ ಬಿಟ್ಟಿಲ್ಲ ಬಿಡ್ರಿ. ಕುಂದರ್ರಿ."

ಕೂರಲಿಲ್ಲ. ನಿಂತೇ ಹೇಳಿದೆ. ಸೀಟಿ ನನ್ನದು, ಬಸ್ಸು ತಿರುಗಿಸಬೇಡಿ ಎಂದದ್ದು ನಾನು, ಸಿದ್ದಾಪುರದಲ್ಲಿ ಆಡಿದ್ದು ಹೊಟ್ಟೆಕಿಚ್ಚಿನ ಮಾತು, ನನ್ನನ್ನು ಕ್ಷಮಿಸಬೇಕು. ಒಂದು ಅಲಂಕಾರವಿಲ್ಲದ ಮಾತನ್ನು ಬದುಕಿನಲ್ಲಿ ಮೊದಲ ಸಲ ಆಡಿದೆ ಎಂದು ಕಾಣುತ್ತದೆ.

ಅವರು ಕೈಗೆ ಹತ್ತಿದ ಗ್ರೀಸು ಒರೆಸಿಕೊಂಡರು. "ಸಿಟ್ಟು ಇತ್ರಿ. ಸುಳ್ಳು ಯಾಕ ಹೇಳ್ಲಿ? ಎರಡು ಮಳಿಗಾಲ ಇತ್ತು. ಮೂರನೇದಕ್ಕ ತೊಳಕೊಂಡು ಹೋತು. ಆತು, ನಿಮ್ಮದು ಇವತ್ತಿಗೆ ಮುಗೀತು" ಎಂದರು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅವರೇ ಕೇಳಿದರು:

"ನನಗ ಕೇಳಿದ್ರಿ. ಆ ಅಮ್ಮಗ ಕೇಳೀರೇನು?"

"ಯಾರಿಗೆ?"

"ಯಾರಿಗೆ ಅಂತೀರಲ್ರಿ! ರಸ್ತೆದಾಗ ನಿಂತದ್ದು ನಾನೇನು?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು. "ನಾ ಮುಂದಿನ ಐತವಾರನ ಅವರ ಮನಿಗೆ ಹೋಗಿ, ಡಬ್ಬಿ ಕೊಟ್ಟು, ಕೈಮುಗಿದು ಬಂದಿದ್ದೆ. ಅದಕ್ಕ ಸಿದ್ದಾಪುರದಾಗ ಅವರ ಮುಖದ ಗುರುತು ಹತ್ತಿತು. ಎರಡನೇ ಸಾಲಿನಾಗ ಕುಂತಿದ್ರಲ್ಲ. ಮಂದಿ ಅಷ್ಟೂ ನಗುವಾಗ ಆ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೆಳಗ ನೋಡಾಕತ್ತಿದ್ರು. ನಾ ತಪ್ಪಾತು ಅಂದದ್ದು ಅವರಿಗ್ರಿ. ನಿಮಗ ಅಂತ ತಿಳಕೊಂಡಿದ್ರೇನು?"

ಹೌದು, ಒಂಬತ್ತು ವರ್ಷ ಹಾಗೆಯೇ ತಿಳಿದುಕೊಂಡಿದ್ದೆ. ಆ ಸಭೆಯಲ್ಲಿ ವಾಲಿ ಇದ್ದ, ರಾಮ ಇದ್ದ, ಗೆಲುವು ಸೋಲು ಇತ್ತು. ಬಿಟ್ಟುಹೋದ ಹೆಂಗಸಿನ ಹೆಸರಿನಲ್ಲಿ ನಾನು ಅಷ್ಟು ದೊಡ್ಡ ಮಾತಾಡಿದೆ. ಆಕೆ ನಾಲ್ಕು ಮಾರು ದೂರದಲ್ಲಿ ಕುಳಿತದ್ದು ಕಾಣಲಿಲ್ಲ. ಬಸ್ಸಿನಲ್ಲಿ ಮುಖ ನೋಡಿದ್ದರೆ ತಾನೇ ಸಭೆಯಲ್ಲಿ ಗುರುತು ಸಿಗುವುದು?

ಮರುದಿನ ಕೋಲಸಿರ್ಸಿಗೆ ಹೋದೆ. ಬೆಳಿಗ್ಗೆ ಹತ್ತರ ಹೊತ್ತು. ಸೊಸೆ ಬಾಗಿಲಿಗೆ ಬಂದರು. ಅವರಿಗೂ ಅರವತ್ತರ ಹತ್ತಿರ. ನಾನು ಆ ಬಸ್ಸಿನ ಕಂಡಕ್ಟರ್, ಅಮ್ಮನ ಹತ್ತಿರ ಒಂದು ಮಾತಾಡಬೇಕಿತ್ತು ಎಂದೆ.

"ಅಯ್ಯೋ, ಅತ್ತೆ ಇಲ್ಯಲಾ. ತೀರಿಹೋಗಿ ಎರಡು ವರ್ಷ ಆತು. ಒಳಗೆ ಬನ್ನಿ, ಕೂತ್ಕಳಿ. ಆಸ್ರಿಗೆ ಎಂತ ಅಡ್ಡಿಲ್ಲೆ?"

ಕುಡಿಯಲು ಏನು ಬೇಕೆಂದು ಅವರು ಕೇಳುತ್ತಿದ್ದರು. ಏನೂ ಬೇಡ ಎಂದೆ. ಅವರು ಮಜ್ಜಿಗೆ ತಂದೇ ಬಿಟ್ಟರು.

"ಡ್ರೈವರ್ ಆವಾಗಲೇ ಬಂದಿಕ್ಕಿ ಹೋಗಿದ್ರು. ಕಂಡಕ್ಟರೂ ಒಂದಿನ ಬತ್ರು ಹೇಳಿ ಅತ್ತೆ ಸುಮಾರು ದಿನ ಹೇಳ್ತಿತ್ತು. ಪಾಪ, ಅವ್ಕೆ ಪುರಸೊತ್ತು ಆಗ್ತಿಲ್ಲೆ ಕಾಣ್ತು ಹೇಳ್ತಿತ್ತು."

ಬೈದಿದ್ದರೆ ಎದುರು ಮಾತು ಕೊಡಲು ನನ್ನಲ್ಲಿ ಏನಾದರೂ ಇರುತ್ತಿತ್ತು. ಸೊಸೆಯ ಹತ್ತಿರ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಆದರೆ ಒಬ್ಬರಿಗೆ ಸಲ್ಲಬೇಕಾದದ್ದನ್ನು ಇನ್ನೊಬ್ಬರ ಕೈಗೆ ಕೊಟ್ಟು ಹಗುರಾಗುವುದು ಮತ್ತೆ ಹಳೆಯ ಕಂಡಕ್ಟರನ ಬುದ್ಧಿಯೇ ಎನ್ನಿಸಿತು. ಅಮ್ಮನ ಹೆಸರು ಏನಾಗಿತ್ತು ಎಂದು ಮಾತ್ರ ಕೇಳಿದೆ. ದೂರಿನ ಕಾಗದದಲ್ಲಿ ಅದು ಇತ್ತು. ಆಗ ನಾನು ಓದಿರಲಿಲ್ಲ. ಹೇಳಿದರು. ಅದನ್ನು ಇಲ್ಲಿ ಬರೆಯುವ ಅನುಮತಿಯನ್ನು ಯಾರಲ್ಲಿ ಕೇಳಬೇಕಿತ್ತೋ ಅವರು ಇಲ್ಲ. ಆದ್ದರಿಂದ ನಾನು ಕ್ಷಮೆ ಕೇಳದೆ ಉಳಿದವರು ಯಾರೆಂದು ನನ್ನ ಮಾತಿನಲ್ಲೇ ಹೇಳುತ್ತೇನೆ: ಕೋಲಸಿರ್ಸಿಯಲ್ಲಿ ಹತ್ತಿ, ಯಲ್ಲಾಪುರಕ್ಕೆ ಟಿಕೆಟ್ ಪಡೆದು, ನನ್ನನ್ನು "ತಮಾ" ಎಂದು ಕರೆದು, ಒಂದು ಗಳಿಗೆ ನಿಲ್ಲಿಸು ಎಂದು ಕೇಳಿಕೊಂಡ ಅಮ್ಮ.